ಇಳಕಲ್ ಸೀರೆಯ ಅಜ್ಜಿಯನ್ನು ನಡೆಸಿದ್ದು: ಬ್ಲೆಂಡರ್‌ನಲ್ಲಿ ನನ್ನ ಮೊದಲ ಪಾತ್ರ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ನಮ್ಮೂರಿಗೆ ಮುದ್ರಣಕಾಶಿ ಅಂತಲೇ ಹೆಸರಿದೆ. ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ನೋಟ್‌ಬುಕ್ಕಿನ ರಟ್ಟು, ಬಿಲ್ ಬುಕ್, ಇವೇ ನಮ್ಮ ದಿನದ ಕೆಲಸ. ಕೋರೆಲ್ ಡ್ರಾ, ಫೋಟೋಶಾಪ್ ಕೈಗೆ ಹತ್ತಿವೆ. ಆದರೆ ಬಿಡಿಸಿದ ಚಿತ್ರ ನಡೆಯಬೇಕು, ಮಾತಾಡಬೇಕು ಅನ್ನೋ ಆಸೆ ಬಹಳ ಹಳೆಯದು. ನಮ್ಮ ಕಡೆಯ ಅಜ್ಜಿ, ನಮ್ಮ ಕಡೆಯ ಮಾತು, ಸಣ್ಣ ಮಕ್ಕಳಿಗೆ ಅಂತ ಒಂದು ಪುಟ್ಟ ಕಥೆ. ಈಗ ಬ್ಲೆಂಡರ್ ಅನ್ನೋ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಆ ಅಜ್ಜಿ ನಡೆಯುತ್ತಾಳೆ, ಒಂದೆರಡು ಮಾತೂ ಆಡುತ್ತಾಳೆ. ಅಲ್ಲಿಯವರೆಗೆ ಹೇಗೆ ಬಂದೆ ಅಂತ ಬರೆಯುತ್ತಿದ್ದೇನೆ. ಚಿತ್ರ ಬಿಡಿಸಲು ಬರುವ, ಆದರೆ ಅನಿಮೇಶನ್ ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ಸಾಫ್ಟ್‌ವೇರ್ ಕಲಿತು ಆಮೇಲೆ ಪಾತ್ರ ಮಾಡೋಣ ಅಂದುಕೊಂಡರೆ ಅದು ಮುಗಿಯುವ ಕೆಲಸವಲ್ಲ. ಒಂದೇ ಪಾತ್ರ, ಐದಾರು ಸೆಕೆಂಡಿನ ಒಂದೇ ಶಾಟ್ ಹಿಡಿದುಕೊಳ್ಳಿ. ಆ ಶಾಟಿಗೆ ಯಾವ ಬಟನ್ ಬೇಕೋ ಅದನ್ನಷ್ಟೇ ಕಲಿಯಿರಿ. ನಾನು ಕಲಿತದ್ದೆಲ್ಲ ಹೀಗೆಯೇ. ಇವತ್ತಿಗೂ ಬ್ಲೆಂಡರ್‌ನ ಎಷ್ಟೋ ಮೆನುಗಳನ್ನು ನಾನು ತೆರೆದೇ ಇಲ್ಲ. ಅದರಿಂದ ನನ್ನ ಕೆಲಸ ಎಲ್ಲೂ ನಿಂತಿಲ್ಲ.

ಬ್ಲೆಂಡರೇ ಯಾಕೆ ಅಂದರೆ, ಮೊದಲನೆಯದು ದುಡ್ಡು. ಅದು ಪೂರ್ತಿ ಉಚಿತ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದು. 2002ರಲ್ಲಿ ಜನರಿಂದ 1,00,000 ಯೂರೋ ಸಂಗ್ರಹಿಸಿ ಇದರ ಹಕ್ಕು ಬಿಡಿಸಿಕೊಂಡು, ಎಲ್ಲರಿಗೂ ಮುಕ್ತ ಮಾಡಿದರು. ಉಚಿತ ಅಂದ ಮಾತ್ರಕ್ಕೆ ಕೈಲಾಗದ್ದು ಅಂತಲ್ಲ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಶನ್ ಚಿತ್ರ ಬ್ಲೆಂಡರ್‌ನಲ್ಲೇ ಆದದ್ದು. ಎರಡನೆಯ ಕಾರಣ, ಇದರಲ್ಲಿ ಚಪ್ಪಟೆ ಚಿತ್ರವನ್ನೂ ಆಡಿಸಬಹುದು, ಮುಂದೆ ಬೇಕಾದರೆ ತ್ರೀಡಿಗೂ ಹೋಗಬಹುದು. ಒಂದೇ ಕಡೆ ಕಲಿತದ್ದು ಮುಂದಕ್ಕೂ ಬರುತ್ತದೆ.

ಬೇರೆಯವೂ ಇವೆ. ಹಾಳೆಯ ಮೇಲೆ ಬಿಡಿಸಿದ ಹಾಗೆ ಒಂದೊಂದು ಚಿತ್ರ ಬಿಡಿಸುತ್ತಾ ಹೋಗುವವರಿಗೆ ಕ್ರಿಟಾ, ಪೆನ್ಸಿಲ್‌ಟೂಡಿ ಚೆನ್ನಾಗಿವೆ. ಓಪನ್‌ಟೂನ್ಜ್ ಕೂಡ 2016ರಿಂದ ಉಚಿತ, ಆದರೆ ಹೊಸಬರಿಗೆ ಅದರ ಮುಖ ಸ್ವಲ್ಪ ಗಡುಸು. ಅಡೋಬಿಯ ಕ್ಯಾರೆಕ್ಟರ್ ಆನಿಮೇಟರ್‌ನಲ್ಲಿ ವೆಬ್‌ಕ್ಯಾಮ್ ಮುಂದೆ ಕೂತು ನೀವು ಹುಬ್ಬೇರಿಸಿದರೆ ಪಾತ್ರವೂ ಹುಬ್ಬೇರಿಸುತ್ತದೆ. ಪಾಠ ಹೇಳುವ ವಿಡಿಯೋ ಮಾಡುವವರಿಗೆ ಅದು ಒಳ್ಳೆಯ ದಾರಿ. ನನಗೆ ಮಾತ್ರ ನಡಿಗೆ ಬೇಕಿತ್ತು, ಮೈಭಾರ ಬೇಕಿತ್ತು. ಅದನ್ನು ವೆಬ್‌ಕ್ಯಾಮ್ ಕೊಡುವುದಿಲ್ಲ.

ಕಂಪ್ಯೂಟರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಕನಿಷ್ಠ 8 ಜಿಬಿ ರ‍್ಯಾಮ್ ಬೇಕು ಅಂತ ಬ್ಲೆಂಡರ್‌ನವರೇ ಹೇಳುತ್ತಾರೆ. ಚಪ್ಪಟೆ ಚಿತ್ರದ ಕೆಲಸಕ್ಕೆ ನನಗೆ ಅಷ್ಟು ಸಾಕಾಯಿತು. ಆದರೆ ಚಕ್ರ ಇರುವ ಮೂರು ಬಟನ್ನಿನ ಮೌಸ್ ಮಾತ್ರ ಬೇಕೇ ಬೇಕು. ಲ್ಯಾಪ್‌ಟಾಪ್‌ನಲ್ಲಿ ಬಲಗಡೆಯ ನಂಬರ್ ಕೀಗಳು ಇಲ್ಲದಿದ್ದರೆ ಪ್ರಿಫರೆನ್ಸಸ್‌ಗೆ ಹೋಗಿ, ಇನ್‌ಪುಟ್‌ನಲ್ಲಿ ಎಮ್ಯುಲೇಟ್ ನಂಪ್ಯಾಡ್ ಆನ್ ಮಾಡಿ. ಆಗ ಮೇಲಿನ ಸಾಲಿನ 1 ಒತ್ತಿದರೆ ಎದುರಿನ ನೋಟ ಬರುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ಆ ಎದುರಿನ ನೋಟದಲ್ಲೇ ನಡೆಯುತ್ತದೆ.

ಕೀಬೋರ್ಡಿನ ಕೀಲಿಗಳಲ್ಲಿ ಮೊದಲಿಗೆ ಬೇಕಾದವು ನಾಲ್ಕೇ. ಜಿ ಒತ್ತಿದರೆ ಸರಿಸುವುದು, ಆರ್ ಒತ್ತಿದರೆ ತಿರುಗಿಸುವುದು, ಎಸ್ ಒತ್ತಿದರೆ ಹಿಗ್ಗಿಸುವುದು ಕುಗ್ಗಿಸುವುದು, ಐ ಒತ್ತಿದರೆ ಕೀಫ್ರೇಮ್ ಕೂರುತ್ತದೆ. ಕೀಫ್ರೇಮ್ ಅಂದರೆ ‘ಈ ಹೊತ್ತಿಗೆ ಈ ಕೈ ಇಲ್ಲಿರಬೇಕು’ ಅಂತ ಗುರುತು ಹಾಕುವುದು. ಎರಡು ಗುರುತಿನ ನಡುವಿನ ಚಲನೆಯನ್ನು ಕಂಪ್ಯೂಟರ್ ತಾನೇ ತುಂಬುತ್ತದೆ. ಹೇಗೆ ತುಂಬಬೇಕು ಅಂತ ಅದಕ್ಕೆ ಹೇಳಿಕೊಡುವುದೇ ನಮ್ಮ ಕೆಲಸ.

ಅದನ್ನು ಕಲಿಯಲು ಚೆಂಡಿನಿಂದ ಶುರು ಮಾಡಿದೆ. ಪಾತ್ರ ಮಾಡಬೇಕು ಅಂತ ಬಂದವರಿಗೆ ಚೆಂಡು ಅಂದರೆ ಬೇಸರ ಬರುತ್ತದೆ, ಅಲ್ವಾ? ಆದರೂ ಬಿಡಬೇಡಿ. ಸೆಕೆಂಡಿಗೆ 24 ಫ್ರೇಮ್ (ಅಂದರೆ 24 ಬಿಡಿ ಚಿತ್ರ) ಲೆಕ್ಕದಲ್ಲಿ, ಮೇಲಿಂದ ಬಿಟ್ಟ ಚೆಂಡು ಮೊದಲ 6 ಫ್ರೇಮಿನಲ್ಲಿ ಸುಮಾರು 30 ಸೆಂಟಿಮೀಟರ್ ಬೀಳುತ್ತದೆ. 12 ಫ್ರೇಮ್ ಆಗುವಷ್ಟರಲ್ಲಿ 1.2 ಮೀಟರ್ ಬಿದ್ದಿರುತ್ತದೆ. ಹೊತ್ತು ಎರಡು ಪಟ್ಟಾದರೆ ಬಿದ್ದ ದೂರ ನಾಲ್ಕು ಪಟ್ಟು. ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವುದು ಗ್ರಾಫ್ ಎಡಿಟರ್. ಅಲ್ಲಿ ಚೆಂಡಿನ ಎತ್ತರ ಒಂದು ಗೆರೆಯಾಗಿ ಕಾಣುತ್ತದೆ. ಮೇಲೆ ಗೆರೆ ದುಂಡಗೆ ಬಾಗಿರಬೇಕು, ಯಾಕೆಂದರೆ ಅಲ್ಲಿ ಚೆಂಡು ನಿಧಾನ. ನೆಲಕ್ಕೆ ಬಡಿಯುವ ಕಡೆ ಗೆರೆ ಚೂಪಾಗಿರಬೇಕು. ಬ್ಲೆಂಡರ್ ತಾನಾಗಿ ಕೊಡುವ ಗೆರೆ ಎರಡೂ ಕಡೆ ದುಂಡಗೇ ಇರುತ್ತದೆ. ಹಾಗಾಗಿ ಚೆಂಡು ನೀರಿನೊಳಗೆ ತೇಲಿದಂತೆ ಕಾಣುತ್ತದೆ. ಕೆಳಗಿನ ಕೀಫ್ರೇಮ್ ಆರಿಸಿ, ವಿ ಒತ್ತಿ, ವೆಕ್ಟರ್ ಮಾಡಿದರೆ ತಟ್ಟನೆ ಪುಟಿಯುತ್ತದೆ. ಆ ಒಂದು ಬದಲಾವಣೆ ನೋಡಿದ ಮೇಲೆ ನನಗೆ ಗ್ರಾಫ್ ಎಡಿಟರ್ ಮೇಲೆ ಪ್ರೀತಿ ಬಂತು. ಮುಂದೆ ಅಜ್ಜಿಯ ಪಾದ ನೆಲಕ್ಕೆ ತಾಗುವುದೂ ಇದೇ ಗೆರೆಯಿಂದ.

ಇನ್ನು ಪಾತ್ರ. ಅಜ್ಜಿಯನ್ನು ಪಕ್ಕದಿಂದ ಕಾಣುವ ಹಾಗೆ ಕೋರೆಲ್‌ನಲ್ಲಿ ಬಿಡಿಸಿದೆ. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಹಣೆ ತುಂಬ ಕುಂಕುಮ. ಬಿಡಿಸುವಾಗಲೇ ತುಂಡು ತುಂಡಾಗಿ ಬಿಡಿಸಬೇಕು: ತಲೆ, ಮೈ, ತೋಳು, ಮುಂಗೈ, ಅಂಗೈ, ಸೊಂಟದಿಂದ ಕೆಳಗಿನ ಸೀರೆ, ಎರಡು ಪಾದ. ಇಲ್ಲಿ ನನಗೆ ದಾರಿ ತೋರಿಸಿದ್ದು ತೊಗಲು ಗೊಂಬೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ನೋಡಿದ್ದೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಮತ್ತೆ ಆ ಗೊಂಬೆಗಳ ಫೋಟೋ ಹುಡುಕಿ ಹುಡುಕಿ ನೋಡಿದೆ. ಕೈ ಆಡುವ ಗೊಂಬೆಗಳಲ್ಲಿ ತೋಳಿನ ತುದಿ, ಮುಂಗೈಯ ತುದಿ ಒಂದರ ಮೇಲೊಂದು ಕೂತಿರುತ್ತವೆ. ನಡುವೆ ತೂತು, ತೂತಿನಲ್ಲಿ ದಾರದ ಗಂಟು. ಕೈ ತಿರುಗುವುದು ಆ ಗಂಟಿನ ಸುತ್ತ ಮಾತ್ರ. ಕಂಪ್ಯೂಟರ್‌ನಲ್ಲೂ ಅಷ್ಟೇ, ಆ ಗಂಟು ಎಲ್ಲಿರಬೇಕು ಅಂತ ನಾವು ಹೇಳಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗೊಂಬೆ ಚೆನ್ನಾಗಿ ಕಾಣುವುದು ಬಿಡುವುದು ಇಲ್ಲೇ ನಿಂತಿದೆ. ಮೊಣಕೈ ತೆಗೆದುಕೊಳ್ಳಿ. ತೋಳಿನ ಕೆಳತುದಿಯನ್ನು ಅರ್ಧ ವೃತ್ತ ಮಾಡಿ ಮುಗಿಸುತ್ತೇನೆ. ಮುಂಗೈಯ ಮೇಲ್ತುದಿಯನ್ನೂ ಅಷ್ಟೇ ಅಗಲದ ಅರ್ಧ ವೃತ್ತ ಮಾಡುತ್ತೇನೆ. ಕೋರೆಲ್‌ನಲ್ಲಿ ಒಂದೇ ಅಳತೆಯ ಎರಡು ವೃತ್ತ ಹಾಕಿ, ಎರಡನ್ನೂ ಆರಿಸಿ ಸಿ, ಇ ಒತ್ತಿದರೆ ಕೇಂದ್ರಕ್ಕೆ ಕೇಂದ್ರ ಕೂರುತ್ತದೆ. ಆ ಕೇಂದ್ರವೇ ಕೀಲು. ಹೀಗೆ ಮಾಡಿದರೆ ಕೈ ಎಷ್ಟು ಮಡಚಿದರೂ ಮೊಣಕೈಯಲ್ಲಿ ಬಿರುಕು ಕಾಣುವುದಿಲ್ಲ. ಔಟ್‌ಲೈನ್ ಇದ್ದರೆ ಮಾತ್ರ ವೃತ್ತದ ಒಳಗೆ ಬರುವ ಗೆರೆ ಅಡ್ಡ ಕಾಣುತ್ತದೆ. ಅದಕ್ಕೆ ನಾನು ಕೀಲಿನ ಹತ್ತಿರ ಔಟ್‌ಲೈನ್ ತೆಗೆದುಬಿಡುತ್ತೇನೆ.

ತುಂಡುಗಳನ್ನು ಫೋಟೋಶಾಪ್‌ಗೆ ತಂದು ಒಂದೇ ಕ್ಯಾನ್ವಾಸ್ ಮೇಲೆ ಬೇರೆ ಬೇರೆ ಲೇಯರ್ ಮಾಡಿದೆ. ಆಮೇಲೆ ಒಂದೊಂದು ಲೇಯರನ್ನೂ ಪೂರ್ತಿ ಕ್ಯಾನ್ವಾಸ್ ಅಳತೆಯಲ್ಲೇ, ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿ ಉಳಿಸಿದೆ. ತುಂಡಿನ ಸುತ್ತ ಕತ್ತರಿಸಬೇಡಿ. ಎಲ್ಲವೂ ಒಂದೇ ಅಳತೆ ಇದ್ದರೆ ಬ್ಲೆಂಡರ್‌ನಲ್ಲಿ ತರುವಾಗ ತಲೆ ತಲೆಯ ಜಾಗಕ್ಕೆ, ಕೈ ಕೈಯ ಜಾಗಕ್ಕೆ ತಾನೇ ಬಂದು ಕೂರುತ್ತದೆ. ಪ್ರೆಸ್ ಕೆಲಸದವರು ಇನ್ನೊಂದು ನೆನಪಿಡಬೇಕು. ನಮಗೆ ಮುದ್ರಣದ ಸಿಎಂವೈಕೆ ಬಣ್ಣ ರೂಢಿ, ಇಲ್ಲಿ ಪರದೆಯ ಆರ್‌ಜಿಬಿ ಇರಬೇಕು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಎಡಗೈ ಬಲಗೈ ಗೊತ್ತಾಗುವ ಹಾಗೆ ಇಡಿ. ಇಪ್ಪತ್ತು ತುಂಡಾದ ಮೇಲೆ ‘ಹೊಸದು ಒಂದು’, ‘ಹೊಸದು ಎರಡು’ ಅಂತ ಹೆಸರಿದ್ದರೆ ಹುಡುಕುವುದರಲ್ಲೇ ಸಂಜೆ ಹೋಗುತ್ತದೆ.

ಬ್ಲೆಂಡರ್‌ನಲ್ಲಿ ಆಡ್ ಮೆನುವಿನ ಇಮೇಜ್ ಕೆಳಗೆ ಚಿತ್ರವನ್ನು ಮೆಶ್ ಪ್ಲೇನ್ (ಅಂದರೆ ಚಪ್ಪಟೆ ಹಾಳೆ) ಆಗಿ ತರುವ ಆಯ್ಕೆ ಇದೆ. ಹಳೆಯ ಆವೃತ್ತಿಗಳಲ್ಲಿ ಇಮೇಜಸ್ ಆ್ಯಸ್ ಪ್ಲೇನ್ಸ್ ಅನ್ನೋ ಆಡ್‌ಆನ್ ಆನ್ ಮಾಡಿಕೊಳ್ಳಬೇಕು. ತರುವಾಗ ಮಟೀರಿಯಲ್ ಶೇಡ್‌ಲೆಸ್ ಇಡಿ, ಆಗ ಲೈಟ್ ಹಾಕುವ ಗೋಜೇ ಇಲ್ಲ. ಇಷ್ಟಾದರೂ ಬಣ್ಣ ಮಂಕಾಗಿ ಕಾಣಬಹುದು. ಸೀರೆಯ ಕೆಂಪು ಅಂಚು ತೊಳೆದ ಬಟ್ಟೆಯ ಹಾಗೆ ಕಂಡಿತು. ಅದಕ್ಕೆ ಕಾರಣ ಕಲರ್ ಮ್ಯಾನೇಜ್‌ಮೆಂಟ್. ಅಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್ ಫಿಲ್ಮಿಕ್ ಅಥವಾ ಎಜಿಎಕ್ಸ್ ಇರುತ್ತದೆ. ಅದು ನಿಜವಾದ ಬೆಳಕಿನ ತ್ರೀಡಿ ದೃಶ್ಯಕ್ಕೆ ಸರಿ. ನಮ್ಮ ಚಪ್ಪಟೆ ಚಿತ್ರಕ್ಕೆ ಸ್ಟ್ಯಾಂಡರ್ಡ್ ಮಾಡಿ. ಕೋರೆಲ್‌ನಲ್ಲಿ ನೋಡಿದ ಬಣ್ಣವೇ ಬರುತ್ತದೆ.

ಎರಡು ಪ್ಲೇನ್ ಒಂದೇ ಜಾಗದಲ್ಲಿ ಇದ್ದರೆ ಚಿತ್ರ ಪಟಪಟ ಮಿನುಗುತ್ತದೆ. ಹಾಗಾಗಿ ಒಂದೊಂದು ತುಂಡನ್ನೂ ವೈ ದಿಕ್ಕಿನಲ್ಲಿ ಚೂರೇ ಚೂರು ಹಿಂದೆ ಮುಂದೆ ಸರಿಸುತ್ತೇನೆ. ಹಿಂದಿನ ಕೈ, ಮೈ, ತಲೆ, ಮುಂದಿನ ಕೈ, ಈ ಕ್ರಮ. ಕ್ಯಾಮೆರಾ ಆರ್ಥೋಗ್ರಾಫಿಕ್ (ದೂರದ್ದು ಚಿಕ್ಕದಾಗಿ ಕಾಣದ ಬಗೆ) ಇಟ್ಟರೆ ಈ ಹಿಂದುಮುಂದು ಕಣ್ಣಿಗೆ ಕಾಣುವುದಿಲ್ಲ.

ಈಗ ಕೀಲು ಕೂರಿಸುವುದು. ಮೊಣಕೈಯ ವೃತ್ತದ ಕೇಂದ್ರದ ಮೇಲೆ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ತ್ರೀಡಿ ಕರ್ಸರ್ ಅಲ್ಲಿಗೆ ಬರುತ್ತದೆ. ಮುಂಗೈ ಆರಿಸಿ, ಆಬ್ಜೆಕ್ಟ್ ಮೆನುವಿನಲ್ಲಿ ಸೆಟ್ ಒರಿಜಿನ್, ಒರಿಜಿನ್ ಟು ತ್ರೀಡಿ ಕರ್ಸರ್. ಆಮೇಲೆ ಆರ್ ಒತ್ತಿ ನೋಡಿ. ಮುಂಗೈ ಮೊಣಕೈಯಿಂದಲೇ ತಿರುಗುತ್ತದೆ. ಎಲ್ಲ ತುಂಡಿಗೂ ಹೀಗೆ ಮಾಡಿ, ಆಮೇಲೆ ಸಂಬಂಧ ಕಟ್ಟಬೇಕು. ಅಂಗೈಯನ್ನು ಮೊದಲು ಆರಿಸಿ, ಶಿಫ್ಟ್ ಹಿಡಿದು ಮುಂಗೈಯನ್ನು ಆರಿಸಿ, ಕಂಟ್ರೋಲ್ ಪಿ ಒತ್ತಿ, ಆಬ್ಜೆಕ್ಟ್ ಕೀಪ್ ಟ್ರಾನ್ಸ್‌ಫಾರ್ಮ್. ಕೊನೆಗೆ ಆರಿಸಿದ್ದು ತಾಯಿ, ಮೊದಲು ಆರಿಸಿದ್ದು ಮಗು. ಅಂಗೈ ಮುಂಗೈಗೆ, ಮುಂಗೈ ತೋಳಿಗೆ, ತೋಳು ಮೈಗೆ, ಮೈ ಸೊಂಟಕ್ಕೆ. ಸೊಂಟ ಎತ್ತಿದರೆ ಇಡೀ ಅಜ್ಜಿ ಎದ್ದು ಬರಬೇಕು. ಪಾದ ಎರಡನ್ನು ಮಾತ್ರ ಸೊಂಟಕ್ಕೆ ಕಟ್ಟಬೇಡಿ, ಬಿಡಿಯಾಗಿ ಇರಲಿ. ಸೊಂಟ ಮೇಲೆ ಕೆಳಗೆ ಆದಾಗ ನೆಲದ ಮೇಲಿನ ಪಾದ ಅಲ್ಲಾಡಬಾರದು.

ನಡಿಗೆಗೆ ಬಂದರೆ, ಎಲ್ಲ ಪಾಠಗಳಲ್ಲೂ ನಾಲ್ಕು ಭಂಗಿ ಹೇಳುತ್ತಾರೆ. ಮುಂದಿನ ಪಾದ ನೆಲಕ್ಕೆ ತಾಗುವ ಕಾಂಟ್ಯಾಕ್ಟ್, ಮೈಭಾರ ಕುಸಿಯುವ ಡೌನ್, ಒಂದು ಕಾಲು ಇನ್ನೊಂದನ್ನು ದಾಟುವ ಪಾಸಿಂಗ್, ಮೈ ಮೇಲೇಳುವ ಅಪ್. 1ನೇ ಫ್ರೇಮಿನಲ್ಲಿ ಕಾಂಟ್ಯಾಕ್ಟ್, 4ರಲ್ಲಿ ಡೌನ್, 7ರಲ್ಲಿ ಪಾಸಿಂಗ್, 10ರಲ್ಲಿ ಅಪ್, 13ರಲ್ಲಿ ಇನ್ನೊಂದು ಕಾಲಿನ ಕಾಂಟ್ಯಾಕ್ಟ್. 25ರಲ್ಲಿ ಮತ್ತೆ 1ನೇ ಫ್ರೇಮಿನ ಭಂಗಿಯೇ. ಆದ್ದರಿಂದ 24ಕ್ಕೆ ನಿಲ್ಲಿಸಿದರೆ ನಡಿಗೆ ಸುತ್ತುತ್ತಲೇ ಇರುತ್ತದೆ. ಇದು ಸಾಧಾರಣ ವೇಗದ ನಡಿಗೆ.

ಆದರೆ ಆ ಪಾಠಗಳ ಪಾತ್ರಗಳಿಗೆಲ್ಲ ಪ್ಯಾಂಟು. ತೊಡೆ, ಮೊಣಕಾಲು, ಎಲ್ಲ ಎದ್ದು ಕಾಣುತ್ತದೆ. ನಮ್ಮ ಅಜ್ಜಿಯ ಕಾಲೇ ಕಾಣುವುದಿಲ್ಲ. ಸೀರೆಯ ಅಂಚಿನ ಕೆಳಗೆ ಪಾದದ ಮುಂಭಾಗ ಒಂದಿಷ್ಟು ಇಣುಕುತ್ತದೆ ಅಷ್ಟೇ. ಧೋತ್ರ ಉಟ್ಟ ಅಜ್ಜನಿಗೂ ಹೆಚ್ಚು ಕಡಿಮೆ ಇದೇ ಮಾತು. ಹಾಗಿದ್ದರೆ ಆಕೆ ನಡೆಯುತ್ತಿದ್ದಾಳೆ ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಸೊಂಟದ ಏರಿಳಿತದಿಂದ, ನಿರಿಗೆಯ ಬೀಸಿನಿಂದ. ಇದನ್ನು ಯಾವ ವಿಡಿಯೋದಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ನೋಡಿಯೇ ಕಲಿಯಬೇಕಾಯಿತು.

ನೋಡಲು ಮನೆಯಲ್ಲೇ ಅವ್ವ ಇದ್ದಳು. ಗದಗಿನಲ್ಲಿ ನೀರಿನ ತಾಪತ್ರಯ ಎಲ್ಲರಿಗೂ ಗೊತ್ತಿರುವುದೇ, ತಲೆ ಮೇಲೆ ಕೊಡ ಹೊರುವುದು ಅವ್ವನಿಗೆ ಚಿಕ್ಕಂದಿನ ರೂಢಿ. ಮನೆ ಮುಂದೆ ಮೊಬೈಲನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಅಲುಗಾಡದ ಹಾಗೆ ಇಟ್ಟೆ. ತಲೆ ಮೇಲೆ ಸಿಂಬಿ, ಸಿಂಬಿಯ ಮೇಲೆ ಖಾಲಿ ಕೊಡ ಇಟ್ಟು ನಡೆಯಲು ಹೇಳಿದೆ. ಕೊಡಕ್ಕೆ ಕೈ ಹಿಡಿದುಕೊಂಡು ನಡಿ ಅಂತಲೂ ಹೇಳಿದೆ.

‘ಇನ್ನೊಮ್ಮಿ ನಡೀಬೇ ಯವ್ವಾ.’

‘ಖಾಲಿ ಕೊಡಕ್ಕ ಯಾರರ ಹಿಂಗ ಕೈ ಹಿಡೀತಾರೇನಪಾ? ತುಂಬಿಸಿ ಕೊಡು, ಆಮ್ಯಾಲ ನೋಡು.’

ತುಂಬಿಸಿ ಕೊಟ್ಟೆ. ಅದೇ ಹೆಂಗಸು, ಅದೇ ಅಂಗಳ, ನಡಿಗೆ ಮಾತ್ರ ಬೇರೆಯೇ ಆಯಿತು. ಖಾಲಿ ಕೊಡ ಇದ್ದಾಗ ಹೆಜ್ಜೆ ಉದ್ದ, ತಲೆ ಹೆಜ್ಜೆಗೊಮ್ಮೆ ಮೇಲೆ ಕೆಳಗೆ ಆಗುತ್ತಿತ್ತು. ತುಂಬಿದ ಕೊಡ ಬಂದಾಗ ಹೆಜ್ಜೆ ಚಿಕ್ಕದಾಯಿತು, ಬೇಗ ಬೇಗ ಬಿತ್ತು. ಮೊಣಕಾಲು ಪೂರ್ತಿ ನೆಟ್ಟಗಾಗಲೇ ಇಲ್ಲ. ಕುತ್ತಿಗೆ ನೆಟ್ಟಗೆ ನಿಂತಿತು. ವಿಡಿಯೋದ ಮೇಲೆ ಕೊಡದ ಬಾಯಿಯನ್ನು ಫ್ರೇಮ್ ಫ್ರೇಮಿಗೂ ಚುಕ್ಕೆ ಇಡುತ್ತಾ ಹೋದೆ. ಚುಕ್ಕೆಗಳು ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿ ಬಂದವು. ಸೊಂಟಕ್ಕೆ ಚುಕ್ಕೆ ಇಟ್ಟರೆ ಅಲೆ ಅಲೆಯಾಗಿ ಬಂತು. ಅಂದರೆ ಏರಿಳಿತವನ್ನೆಲ್ಲ ಸೊಂಟ, ಮೊಣಕಾಲೇ ನುಂಗಿಕೊಂಡು ತಲೆಗೆ ತಾಗದ ಹಾಗೆ ನೋಡಿಕೊಳ್ಳುತ್ತಿವೆ. ಅಜ್ಜಿಯ ತಲೆ ಮೇಲೆ ಬುಟ್ಟಿ ಇಡುವಾಗ ನಾನು ಮಾಡಿದ್ದು ಇದನ್ನೇ. ಸೊಂಟದ ಗೆರೆಗೆ ಅಲೆ ಕೊಟ್ಟೆ, ತಲೆ ಅಷ್ಟೇ ಹೊತ್ತಿಗೆ ಅದಕ್ಕೆ ಎದುರಾಗಿ ಸರಿಯುವ ಹಾಗೆ ಕೀಫ್ರೇಮ್ ಹಾಕಿದೆ. ಬುಟ್ಟಿ ಸ್ಥಿರವಾಯಿತು, ಬುಟ್ಟಿಗೆ ಭಾರ ಬಂತು. ಬುಟ್ಟಿಯ ಚಿತ್ರದಲ್ಲಿ ಒಂದು ಗೆರೆಯನ್ನೂ ಬದಲಾಯಿಸಿರಲಿಲ್ಲ.

ಒಂದು ಸಣ್ಣ ಎಚ್ಚರಿಕೆ. ಮೊಬೈಲ್ ವಿಡಿಯೋ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಬ್ಲೆಂಡರ್ ಶುರುವಾಗುವುದು 24ರಲ್ಲಿ. ವಿಡಿಯೋದ 15ನೇ ಫ್ರೇಮ್ ಅಂದರೆ ನಮ್ಮ 12ನೇ ಫ್ರೇಮ್. ಈ ಲೆಕ್ಕ ಬೇಡ ಅನ್ನುವವರು ಬ್ಲೆಂಡರನ್ನೇ 30ಕ್ಕೆ ಇಟ್ಟುಕೊಳ್ಳಬಹುದು. ಇನ್ನೊಬ್ಬರನ್ನು ಚಿತ್ರೀಕರಿಸುವುದಾದರೆ ಕೇಳಿಯೇ ಮಾಡಿ. ಬಸ್ ಸ್ಟ್ಯಾಂಡಿನಲ್ಲಿ ಕಾಣದ ಹಾಗೆ ಮೊಬೈಲ್ ಹಿಡಿಯುವುದು ಸರಿಯಲ್ಲ. ಮನೆಯವರು ಸಾಕು, ಇಲ್ಲ ಅಂದರೆ ನೀವೇ ನಡೆಯಿರಿ.

ನಿರಿಗೆಗೆ ಬೋನ್ ಹಾಕಿದೆ, ಅಂದರೆ ಚಿತ್ರವನ್ನು ಒಳಗಿನಿಂದ ಬಾಗಿಸುವ ಎಲುಬು. ಸೊಂಟದ ಕೆಳಗಿನ ಸೀರೆಯ ಪ್ಲೇನನ್ನು ಎಡಿಟ್ ಮೋಡ್‌ನಲ್ಲಿ ಸಬ್‌ಡಿವೈಡ್ ಮಾಡಿ ಸಣ್ಣ ಚೌಕಗಳನ್ನಾಗಿ ಮಾಡಬೇಕು, ಇಲ್ಲದಿದ್ದರೆ ಅದು ಬಾಗುವುದಿಲ್ಲ. ಸೊಂಟದಿಂದ ಅಂಚಿನವರೆಗೆ ಒಂದರ ಕೆಳಗೊಂದು ಮೂರು ಬೋನ್. ಸೀರೆಯನ್ನು ಮೊದಲು, ಆರ್ಮೇಚರನ್ನು (ಆ ಬೋನ್‌ಗಳ ಗುಂಪನ್ನು) ಆಮೇಲೆ ಆರಿಸಿ, ಕಂಟ್ರೋಲ್ ಪಿ, ವಿತ್ ಆಟೊಮ್ಯಾಟಿಕ್ ವೆಯ್ಟ್ಸ್. ಯಾವ ಬೋನ್ ಎಷ್ಟು ಬಟ್ಟೆಯನ್ನು ಎಳೆಯಬೇಕು ಅಂತ ಅದೇ ಅಂದಾಜು ಹಾಕುತ್ತದೆ. ತಪ್ಪಿದ ಕಡೆ ವೆಯ್ಟ್ ಪೇಂಟ್‌ನಲ್ಲಿ ಸರಿ ಮಾಡಬಹುದು. ಮೂರು ಬೋನಿಗೂ ಒಂದೇ ಹೊತ್ತಿಗೆ ಕೀಫ್ರೇಮ್ ಹಾಕಿದರೆ ಸೀರೆ ತಗಡಿನ ಹಾಗೆ ಬೀಸುತ್ತದೆ. ಕೀಫ್ರೇಮ್‌ಗಳೆಲ್ಲ ಸಾಲಾಗಿ ಕಾಣುವ ಡೋಪ್ ಶೀಟ್‌ನಲ್ಲಿ ನಡುವಿನ ಬೋನಿನ ಕೀಫ್ರೇಮ್‌ಗಳನ್ನು 2 ಫ್ರೇಮ್ ಮುಂದಕ್ಕೆ, ಕೆಳಗಿನದನ್ನು 4 ಫ್ರೇಮ್ ಮುಂದಕ್ಕೆ ಸರಿಸಿದೆ. ತಕ್ಷಣ ಬಟ್ಟೆಯಾಯಿತು! ಮೊದಲು ಸೊಂಟ ಹೋಗುತ್ತದೆ, ಅಂಚು ತಡವಾಗಿ ಹಿಂಬಾಲಿಸುತ್ತದೆ, ಸೊಂಟ ತಿರುಗಿದ ಮೇಲೂ ಅಂಚು ಇನ್ನೂ ಹೋಗುತ್ತಲೇ ಇರುತ್ತದೆ. ಸೆರಗಿನ ತುದಿಗೂ ಇದೇ ಉಪಾಯ. ಕೀ ಸರಿಸಿದ ಮೇಲೆ ಸುತ್ತು ಕಡಿಯದಿರಲು ಗ್ರಾಫ್ ಎಡಿಟರ್‌ನಲ್ಲಿ ಶಿಫ್ಟ್ ಇ ಒತ್ತಿ ಮೇಕ್ ಸೈಕ್ಲಿಕ್ ಮಾಡಿಕೊಳ್ಳಬೇಕು.

ಮಾತು ಕೂರಿಸುವುದಕ್ಕೆ ನಾನು ಹೆದರಿದ್ದೆ, ಆದರೆ ಕನ್ನಡಕ್ಕೆ ಅದು ಬಹಳ ಸಲೀಸು. ನಾವು ಬರೆದಂತೆಯೇ ಓದುತ್ತೇವೆ. ಕಾಗದದ ಮೇಲೆ ಮಾತು ಬರೆದಿಟ್ಟುಕೊಂಡರೆ ಬಾಯಿ ಎಲ್ಲಿ ಮುಚ್ಚಬೇಕು, ಎಲ್ಲಿ ದುಂಡಗಾಗಬೇಕು ಅಂತ ಅಕ್ಷರವೇ ಹೇಳುತ್ತದೆ. ಆರು ಬಾಯಿ ಬಿಡಿಸಿದೆ. ಪ, ಬ, ಮಗೆ ಮುಚ್ಚಿದ ಬಾಯಿ. ಆಗೆ ಪೂರ್ತಿ ತೆರೆದದ್ದು. ಅ, ಎ, ಏಗೆ ಅರ್ಧ ತೆರೆದದ್ದು. ಇ, ಈಗೆ ಅಗಲ ಬಾಯಿ. ಉ, ಊ, ಒ, ಓಗೆ ದುಂಡು. ವ, ಫಗೆ ಕೆಳತುಟಿ ಮೇಲಕ್ಕೆ ತಾಗುವುದು. ತ, ನ, ಲ, ಚ ಮುಂತಾದವು ನಾಲಿಗೆಯ ಕೆಲಸ, ಹೊರಗೆ ಕಾಣುವುದು ಕಡಿಮೆ. ಅವಕ್ಕೆ ಪಕ್ಕದ ಸ್ವರದ ಬಾಯಿಯನ್ನೇ ಕೊಡುತ್ತೇನೆ.

ಅಜ್ಜಿಯ ಮೊದಲ ಮಾತು: ‘ಬಾರಪಾ ತಮ್ಮಾ, ಬುತ್ತಿ ಬಿಚ್ಚು.’ ಇದರಲ್ಲಿ ತುಟಿ ಐದು ಸಲ ಮುಚ್ಚುತ್ತದೆ: ಬಾ, ಪಾ, ಮ್ಮಾ, ಬು, ಬಿ. ಈ ಐದು ಸರಿಯಾಗಿ ಬಿದ್ದರೆ ಉಳಿದದ್ದು ಸ್ವಲ್ಪ ಆಚೀಚೆ ಆದರೂ ನೋಡುವವರು ಒಪ್ಪುತ್ತಾರೆ. ಐದರಲ್ಲಿ ಒಂದು ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಮುಚ್ಚಿದ ಬಾಯಿ ಕನಿಷ್ಠ 2 ಫ್ರೇಮ್ ಇರಬೇಕು. ‘ತಮ್ಮಾ’ದಲ್ಲಿ ಒತ್ತಕ್ಷರ ಇದೆ, ಅಲ್ಲಿ ಇನ್ನೂ ಒಂದೆರಡು ಫ್ರೇಮ್ ಜಾಸ್ತಿ ಹಿಡಿಯಬೇಕು. ಬಾಯಿ ಶಬ್ದಕ್ಕಿಂತ ಒಂದು ಫ್ರೇಮ್ ಮೊದಲೇ ಬದಲಾದರೆ ಚೆಂದ ಕಾಣುತ್ತದೆ, ತಡವಾದರೆ ಮಾತ್ರ ಕೆಟ್ಟದಾಗಿ ಕಾಣುತ್ತದೆ. ನಮ್ಮ ಅಜ್ಜಿಗೆ ಹಲ್ಲಿಲ್ಲ. ಮುಚ್ಚಿದ ಬಾಯಿಯಲ್ಲಿ ತುಟಿ ಒಳಕ್ಕೆ ಮಡಚಿಕೊಳ್ಳುವ ಹಾಗೆ ಬಿಡಿಸಿದೆ. ಆ ಒಂದು ಗೆರೆಯಿಂದಲೇ ವಯಸ್ಸು ಬಂತು.

ಆರು ಬಾಯಿಗಳೂ ತಲೆಯ ಹಿಂದೆ ಅಡಗಿರುತ್ತವೆ. ಯಾವುದು ಬೇಕೋ ಅದನ್ನು ವೈ ದಿಕ್ಕಿನಲ್ಲಿ ಮುಖದ ಮುಂದಕ್ಕೆ ತರುತ್ತೇನೆ. ಆ ಕೀಗಳನ್ನೆಲ್ಲ ಆರಿಸಿ, ಟಿ ಒತ್ತಿ, ಕಾನ್‌ಸ್ಟಂಟ್ ಮಾಡಬೇಕು. ಆಗ ಬಾಯಿ ಜಾರುವುದಿಲ್ಲ, ಥಟ್ ಅಂತ ಬದಲಾಗುತ್ತದೆ. ಪ್ಲೇಬ್ಯಾಕ್ ಮೆನುವಿನಲ್ಲಿ ಆಡಿಯೋ ಸ್ಕ್ರಬಿಂಗ್ ಆನ್ ಮಾಡಿದರೆ ಟೈಮ್‌ಲೈನ್ ಎಳೆದಾಗ ದನಿ ಕೇಳುತ್ತದೆ, ಅದೇ ಮೆನುವಿನಲ್ಲಿ ಸಿಂಕ್ ಟು ಆಡಿಯೋ ಇಟ್ಟರೆ ಕಂಪ್ಯೂಟರ್ ನಿಧಾನ ಇದ್ದರೂ ಮಾತು ಹಿಂದೆ ಬೀಳುವುದಿಲ್ಲ. ರೂಬಾರ್ಬ್ ಲಿಪ್ ಸಿಂಕ್ ಅಂತ ಉಚಿತ ಸಾಧನ ಒಂದಿದೆ, ದನಿ ಕೇಳಿ ಬಾಯಿಯ ಆಕಾರ ತಾನೇ ಗುರುತಿಸುತ್ತದೆ. ಇಂಗ್ಲಿಷ್ ಅಲ್ಲದ ಭಾಷೆಗೆ ಫೊನೆಟಿಕ್ ಅನ್ನೋ ಆಯ್ಕೆ ಕೊಡಬೇಕು. ಉದ್ದದ ಮಾತಿಗೆ ಅದು ನೆರವಾಗಬಹುದು. ಒಂದೆರಡು ಸಾಲಿಗೆ ಕೈಯಿಂದ ಮಾಡುವುದೇ ಮೇಲು ಅಂತ ನನ್ನ ಅಭಿಪ್ರಾಯ. ದನಿಯನ್ನು ಮೊಬೈಲ್‌ನಲ್ಲೇ ಹಿಡಿದೆ, ಆದರೆ ರಾತ್ರಿ ಹೊತ್ತು. ಬೆಟಗೇರಿಯಲ್ಲಿ ನಮ್ಮ ಓಣಿಯ ಮಗ್ಗಗಳು ನಿಂತ ಮೇಲೆ.

ಶೀರ್ಷಿಕೆಯನ್ನು ಬ್ಲೆಂಡರ್‌ನಲ್ಲೇ ಟೈಪ್ ಮಾಡಲು ಹೋಗಬೇಡಿ. ನಾನು ಬಳಸಿದ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಕೋರೆಲ್‌ನಲ್ಲಿ ಬರೆದು ಚಿತ್ರವಾಗಿ ತರುತ್ತೇನೆ.

ತ್ರೀಡಿ ಕೇಳುವವರಿಗೆ ಒಂದೇ ಸಲಹೆ. ಮೊದಲಿಗೆ ಸ್ವಂತ ರಿಗ್ (ಪಾತ್ರವನ್ನು ಆಡಿಸುವ ಬೋನಿನ ಚೌಕಟ್ಟು) ಕಟ್ಟಬೇಡಿ. ಬ್ಲೆಂಡರ್ ಸ್ಟುಡಿಯೋದವರು ರೇನ್, ಸ್ನೋ ಅನ್ನುವ ಸಿದ್ಧ ಪಾತ್ರಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಅವುಗಳನ್ನು ಆಡಿಸಿ ಕೈ ಪಳಗಿಸಿಕೊಳ್ಳಿ. ಸ್ವಂತ ಮಾಡೆಲ್ ಇದ್ದರೆ ಮಿಕ್ಸಾಮೋ ಅನ್ನೋ ವೆಬ್‌ಸೈಟಿಗೆ ಹಾಕಿ, ಗದ್ದ, ಮಣಿಕಟ್ಟು, ಮೊಣಕೈ, ಮೊಣಕಾಲು, ತೊಡೆಸಂದಿಗೆ ಗುರುತು ಇಟ್ಟರೆ ಅದೇ ಬೋನ್ ಹಾಕಿಕೊಡುತ್ತದೆ. ರಿಗ್ ಕಟ್ಟಲು ಬ್ಲೆಂಡರ್‌ನೊಳಗೇ ಇರುವ ರಿಗಿಫೈಗೆ ಆಮೇಲೆ ಹೋಗಬಹುದು.

ಕೊನೆಯದು ರೆಂಡರ್, ಅಂದರೆ ಮಾಡಿದ್ದನ್ನು ಚಿತ್ರವಾಗಿ ಹೊರತೆಗೆಯುವುದು. ನೇರ ವಿಡಿಯೋ ಫೈಲ್ ಆಗಿ ರೆಂಡರ್ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಅಲ್ಲಿಯವರೆಗಿನದು ಕೈಗೆ ಸಿಗುವುದು ಕಷ್ಟ. ಪಿಎನ್‌ಜಿ ಸಾಲಾಗಿ ಹಾಕಿ. ಒಂದೊಂದು ಫ್ರೇಮ್ ಒಂದೊಂದು ಚಿತ್ರವಾಗಿ ಉಳಿಯುತ್ತದೆ. ಔಟ್‌ಪುಟ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆದಿಟ್ಟರೆ, ಕರೆಂಟ್ ಬಂದ ಮೇಲೆ ಮತ್ತೆ ರೆಂಡರ್ ಒತ್ತಿದಾಗ ಆಗಿರುವುದನ್ನು ಬಿಟ್ಟು ಮುಂದಿನದರಿಂದ ಶುರುವಾಗುತ್ತದೆ. 10 ಸೆಕೆಂಡಿಗೆ 240 ಚಿತ್ರ. ಒಂದಕ್ಕೆ 5 ಸೆಕೆಂಡ್ ಹಿಡಿದರೂ 20 ನಿಮಿಷದ ಕೆಲಸ. ರೆಂಡರ್ ಎಂಜಿನ್‌ಗಳಲ್ಲಿ ಚಪ್ಪಟೆ ಚಿತ್ರಕ್ಕೆ ವೇಗದ ಈವೀ ಸಾಕು, ನಿಧಾನದ ಸೈಕಲ್ಸ್ ಬೇಡ. ಆಮೇಲೆ ವಿಡಿಯೋ ಸೀಕ್ವೆನ್ಸರ್‌ನಲ್ಲಿ ಚಿತ್ರಗಳನ್ನೂ ದನಿಯನ್ನೂ ಕೂಡಿಸಿ ಎಂಪಿ4 ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಇಳಕಲ್ ಅಂಚಿನ ಸಣ್ಣ ಕಸೂತಿ ಎಲ್ಲ ಕಲಸಿ ಹೋಗುತ್ತದೆ.

ಈಗ ಹೋರಿಯನ್ನು ಹಿಡಿದಿದ್ದೇನೆ. ದೀಪಾವಳಿ ಆದ ಮೇಲೆ ಹಾವೇರಿ ಕಡೆ ಹೋರಿ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿದ ಹೋರಿ ಓಡಿ ಬರುವುದನ್ನು ನೋಡಿದವರಿಗೆ ಅದನ್ನು ಆಡಿಸುವ ಆಸೆ ಬಾರದೇ ಇರುವುದಿಲ್ಲ. ಕೊಬ್ಬರಿ ಸರ ನಿರಿಗೆಯ ಉಪಾಯಕ್ಕೇ ಬಗ್ಗುತ್ತದೆ, ಬೋನಿನ ಸಾಲು, ಕೀ ತಡವಾಗಿ. ಕಷ್ಟ ಇರುವುದು ನಾಲ್ಕು ಕಾಲಿನಲ್ಲಿ. ಹಾಗಾಗಿ ಓಟ ಆಮೇಲೆ, ಮೊದಲು ನಡಿಗೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಈ ಕ್ರಮದಲ್ಲಿ ಒಂದೊಂದೇ ಊರುತ್ತದೆ. 32 ಫ್ರೇಮಿನ ಸುತ್ತು ಇಟ್ಟುಕೊಂಡು, 8 ಫ್ರೇಮಿಗೊಂದು ಕಾಲಿನಂತೆ ಕೀ ಹಾಕುತ್ತಿದ್ದೇನೆ. ಹಿಂದಿನ ಎರಡು ಕಾಲು ಮುಗಿದಿವೆ.